ಎರವಲು ಕಣ್ಣು

ಓದುವುದೆಂದರೇನು ಎಂಬ ಪ್ರಶ್ನೆಯನ್ನು ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕಣ್ಣಿದ್ದವನಿಗೆ ಆ ಪ್ರಶ್ನೆ ಏಳುವ ಸಂದರ್ಭವೇ ಬರುವುದಿಲ್ಲ. ಪುಸ್ತಕ ತೆರೆದರೆ ಓದು, ಮುಚ್ಚಿದರೆ ನಿದ್ರೆ. ನಿವೃತ್ತನಾದ ಮೇಲೆ, ನನ್ನ ಶಿಷ್ಯನೊಬ್ಬನ ದೆಸೆಯಿಂದ, ಆ ಪ್ರಶ್ನೆ ನನ್ನ ಮನೆಯ ಜಗಲಿಗೆ ಬಂದು ಕುಳಿತಿತು. ಇನ್ನೂ ಎದ್ದು ಹೋಗಿಲ್ಲ.

ಆ ಶಿಷ್ಯನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ತನ್ನ ಹೆಸರು ಪತ್ರಿಕೆಯಲ್ಲಿ ಬಂದರೆ ಅದರ ಬೆನ್ನಿಗೇ “ಪಾಪ” ಎಂಬ ಮಾತೂ ಬರುತ್ತದೆಂಬುದು ಅವನ ಅನುಭವ. ಹನ್ನೊಂದನೆಯ ವಯಸ್ಸಿನಲ್ಲಿ ಜ್ವರವೊಂದು ಅವನ ಎರಡು ಕಣ್ಣುಗಳನ್ನೂ ಕೊಂಡೊಯ್ದಿತು. ಅಷ್ಟು ಹೊತ್ತಿಗೆ ಅವನು ಸ್ಲೇಟಿನ ಮೇಲೆ ಅಕ್ಷರಗಳನ್ನು ತಿದ್ದಿ, ಐದನೆಯ ತರಗತಿಯ ಪಾಠಪುಸ್ತಕವನ್ನು ಓದಿ ಮುಗಿಸಿದ್ದ. ಆದ್ದರಿಂದ ಕನ್ನಡ ಲಿಪಿಯ ರೂಪ ಅವನ ಮನಸ್ಸಿನಲ್ಲಿ ಉಳಿದಿದೆ. ಎಂ.ಎ. ಪದವಿಯನ್ನು ಒಳ್ಳೆಯ ದರ್ಜೆಯಲ್ಲಿ ಗಳಿಸಿ, ಈಗ ಸಂಶೋಧನೆಯಲ್ಲಿ ತೊಡಗಿದ್ದಾನೆ. ಶಾಸನಗಳಲ್ಲಿ ಕಾಣುವ, ಕೆರೆ ಕಟ್ಟಿಸಿದ ಹೆಂಗಸರು ಅವನ ವಿಷಯ. ಅಂಥವರನ್ನು ಕರೆಯಲು ಸರ್ಕಾರ ಕಾಲಕಾಲಕ್ಕೆ ಹೊಸ ಪದಗಳನ್ನು ಹುಡುಕುತ್ತದೆ. ಅಂಗವಿಕಲ ಹೋಗಿ ವಿಕಲಚೇತನವಾಯಿತು, ಅದೂ ಹೋಗಿ ವಿಶೇಷಚೇತನವಾಯಿತು. ಯಾವುದನ್ನು ಬಳಸಲೆಂದು ಒಮ್ಮೆ ಅವನನ್ನೇ ಕೇಳಿದೆ. “ಕುರುಡ ಅಂತಲೇ ಅನ್ನಿ ಮೇಷ್ಟ್ರೇ. ಪುಟ ಮಾತ್ರ ತೆರೆದುಕೊಳ್ಳೋ ಹಾಗೆ ಮಾಡಿ” ಎಂದ.

ಪುಟ ತೆರೆದುಕೊಳ್ಳುವುದಿಲ್ಲವೆಂದರೇನು? ನನಗೆ ಆಶ್ಚರ್ಯವಾಯಿತು. ನಮ್ಮ ಕಾಲದಲ್ಲಿ ಒಂದು ಹಳೆಯ ಲೇಖನವನ್ನು ನೋಡಬೇಕಾದರೆ ಮೈಸೂರಿಗೋ ಧಾರವಾಡಕ್ಕೋ ಹೋಗಿ, ಲೈಬ್ರರಿಯವರ ದಯೆ ಸಂಪಾದಿಸಿ, ಧೂಳು ಕೊಡವಿ, ಟಿಪ್ಪಣಿ ಬರೆದುಕೊಂಡು ಬರಬೇಕಾಗಿತ್ತು. ಈಗ ವಿಶ್ವವಿದ್ಯಾನಿಲಯ ಕೊಡುವ ಒಂದು ಪಾಸ್‌ವರ್ಡಿನಿಂದ ದೇಶವಿದೇಶಗಳ ಸಂಶೋಧನ ಪತ್ರಿಕೆಗಳು ಮನೆಯ ಮೇಜಿನ ಮೇಲೆಯೇ ಬಂದು ನಿಲ್ಲುತ್ತವೆ. ಕಂಪ್ಯೂಟರಿನ ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೂ ಇದೆ. ಎನ್.ವಿ.ಡಿ.ಎ. ಎಂಬ ಅದನ್ನು ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ದೃಷ್ಟಿಯಿಲ್ಲದ ತರುಣ 2006ರಲ್ಲಿ ಆರಂಭಿಸಿದ. ಅವನಂತೆಯೇ ಕಣ್ಣಿಲ್ಲದ ಜೇಮ್ಸ್ ಟೆ ಜೊತೆಗೂಡಿದ. ಅದಕ್ಕೆ ಮೊದಲು ಇಂಥ ತಂತ್ರಾಂಶಕ್ಕೆ ಬಹಳ ಬೆಲೆ ತೆರಬೇಕಾಗಿತ್ತು. ಇವರು ತಮ್ಮದನ್ನು ಬಿಟ್ಟಿಯಾಗಿ ಕೊಟ್ಟರು. ಅದು ಕನ್ನಡವನ್ನೂ ಓದುತ್ತದೆ. ದನಿ ತಗಡಿನ ಡಬ್ಬದೊಳಗಿಂದ ಬಂದಂತಿದೆ, ಇರಲಿ. ಇಷ್ಟೆಲ್ಲ ಇದ್ದ ಮೇಲೆ ಕುರುಡನಿಗೆ ಇದಕ್ಕಿಂತ ಒಳ್ಳೆಯ ಕಾಲ ಯಾವುದು ಎಂದುಕೊಂಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ಅವನ ಪಕ್ಕದಲ್ಲಿ ಕುಳಿತು ನೋಡಿದೆ.

ನೋಡಿದೆ ಎನ್ನುವುದೂ ತಪ್ಪು, ಏಕೆಂದರೆ ಪರದೆ ಕಪ್ಪಾಗಿತ್ತು. ತನಗೆ ಬೇಡದ ಬೆಳಕೇಕೆಂದು ಅವನು ಅದನ್ನು ಆರಿಸಿಯೇ ಇಡುತ್ತಾನೆ. ಕತ್ತಲೆಯ ಪರದೆಯ ಮುಂದೆ ಅವನ ಬೆರಳುಗಳು ಕೀಲಿಮಣೆಯ ಮೇಲೆ ಓಡುತ್ತಿದ್ದುವು. ಯಂತ್ರದ ದನಿ ಜೇನು ಮೊರೆದಂತೆ ಮೊರೆಯುತ್ತಿತ್ತು. ಅಷ್ಟು ವೇಗದಲ್ಲಿ ನನಗೆ ಒಂದು ಪದವೂ ಹಿಡಿಯಲಿಲ್ಲ. ಆ ಕೋಣೆಯಲ್ಲಿ ಆಗ ಕುರುಡನೂ ಕಿವುಡನೂ ನಾನೇ. ನನಗಾಗಿ ಪರದೆಗೆ ಬೆಳಕು ಕೊಟ್ಟು, ದನಿಯನ್ನು ನಿಧಾನ ಮಾಡಿ, ತಾನು ಓದುವ ಬಗೆಯನ್ನು ತೋರಿಸಿದ. ಕಣ್ಣುಳ್ಳವನು ಪುಟವನ್ನು ಒಮ್ಮೆಗೇ ಕಾಣುತ್ತಾನೆ; ಕಿವಿಯಿಂದ ಓದುವವನಿಗೆ ಪುಟವೆಂಬುದು ಒಂದು ಉದ್ದನೆಯ ದಾರ. ಆ ದಾರದಲ್ಲಿ ಅಲ್ಲಲ್ಲಿ ಗಂಟು ಹಾಕಿದ್ದರೆ ಗಂಟಿನಿಂದ ಗಂಟಿಗೆ ನೆಗೆಯಬಹುದು. ಪುಟ ಕಟ್ಟಿದವನು ‘ಇದು ಶೀರ್ಷಿಕೆ’ ಎಂದು ಒಳಗೆ ಗುರುತು ಮಾಡಿದ್ದರೆ ಒಂದು ಕೀಲಿ ಒತ್ತಿ ಮುಂದಿನ ಶೀರ್ಷಿಕೆಗೆ ಹೋಗಬಹುದು. ಬರಿಯ ಅಕ್ಷರವನ್ನು ದಪ್ಪ ಮಾಡಿ ಬಿಟ್ಟಿದ್ದರೆ ಕಣ್ಣಿಗೆ ಅದು ಶೀರ್ಷಿಕೆ, ಯಂತ್ರಕ್ಕೆ ಅದೂ ಒಂದು ಸಾಲು.

ಹೊರದೇಶದ ದೊಡ್ಡದೊಂದು ಡೇಟಾಬೇಸನ್ನು ತೆರೆದ. ಹುಡುಕಿದ ಪದಕ್ಕೆ ಇಪ್ಪತ್ತು ಲೇಖನಗಳು ಸಿಕ್ಕಿದುವು. ಪ್ರತಿಯೊಂದು ಲೇಖನದ ಮುಂದೆಯೂ ಸುಂದರವಾದ ನಾಲ್ಕು ಪುಟ್ಟ ಚಿತ್ರಗಳು: ಒಂದು ಬಾಣ, ಒಂದು ನಕ್ಷತ್ರ, ಉದ್ಧರಣ ಚಿಹ್ನೆ, ಲಕೋಟೆ. ನನ್ನ ಕಣ್ಣಿಗೆ ಅವುಗಳ ಅರ್ಥ ಕೂಡಲೇ ಆಯಿತು. ಯಂತ್ರ ಹೇಳಿದ್ದು ಇಷ್ಟು: “ಬಟನ್, ಬಟನ್, ಬಟನ್, ಬಟನ್.” ಆ ಚಿತ್ರಗಳಿಗೆ ಹೆಸರು ಕೊಡುವ ಕೆಲಸವನ್ನು ಯಾರೂ ಮಾಡಿರಲಿಲ್ಲ. “ಮೂರನೆಯದು ಇಳಿಸಿಕೊಳ್ಳೋ ಬಟನ್ ಅಂತ ಎಣಿಸಿಟ್ಟುಕೊಂಡಿದ್ದೆ ಮೇಷ್ಟ್ರೇ. ಹೋದ ತಿಂಗಳು ತಾಣವನ್ನು ಹೊಸದಾಗಿ ಅಂದಗೊಳಿಸಿದರು. ಈಗ ಯಾವುದೋ ಗೊತ್ತಿಲ್ಲ” ಎಂದು ನಕ್ಕ. ಇನ್ನೊಂದು ತಾಣ ಒಳಗೆ ಬಿಡುವ ಮುನ್ನ ‘ನೀವು ಯಂತ್ರವಲ್ಲವೆಂದು ತೋರಿಸಿ’ ಎಂದು ಒಂಬತ್ತು ಚಿತ್ರಗಳನ್ನು ಒಡ್ಡಿ, ಬಸ್ಸು ಇರುವವನ್ನು ಆರಿಸಲು ಹೇಳಿತು. ತಾನು ಮನುಷ್ಯನೆಂದು ಸಾಬೀತುಪಡಿಸಲು ಅವನು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕು. ಹುಡುಗ ಸ್ಕೂಲಿಗೆ ಹೋಗಿದ್ದರೆ ಸಂಜೆಯವರೆಗೆ ಇವನು ಮನುಷ್ಯನಲ್ಲ.

ಎಲ್ಲವೂ ಹೀಗೆಯೇ ಎಂದು ಹೇಳಿದರೆ ಅನ್ಯಾಯವಾದೀತು. ಅದೇ ದಿನ ಮತ್ತೊಂದು ಪತ್ರಿಕೆಯ ಲೇಖನವನ್ನು ತೆರೆದ. ಶೀರ್ಷಿಕೆಗಳಿಗೆ ಗುರುತಿತ್ತು, ಪಟಗಳಿಗೆ ವಿವರಣೆಯಿತ್ತು, ಅಡಿಟಿಪ್ಪಣಿಯ ಅಂಕಿಯ ಮೇಲೆ ಕೀಲಿ ಒತ್ತಿದರೆ ಟಿಪ್ಪಣಿಗೆ ಹೋಗಿ, ಇನ್ನೊಮ್ಮೆ ಒತ್ತಿದರೆ ಬಿಟ್ಟ ಜಾಗಕ್ಕೇ ಮರಳಬಹುದಾಗಿತ್ತು. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅವನು ಹನ್ನೆರಡನೆಯ ಟಿಪ್ಪಣಿಯನ್ನು ಮುಗಿಸಿ, “ಇವರು ಫ್ಲೀಟರನ್ನು ಒಪ್ಪುವುದಿಲ್ಲ” ಎಂದ. ಅವನ ಮುಖದಲ್ಲಿ ಆಗ ಇದ್ದ ಕಳೆಯನ್ನು ನಾನು ಮೊದಲು ಕಂಡಿರಲಿಲ್ಲ. ಅಂದರೆ ಇದು ಅಸಾಧ್ಯವಾದ ಕೆಲಸವಲ್ಲ; ಯಾರೋ ಮಾಡಿದ್ದಾರೆ. ಮಾಡುವ ಬಗೆಯೂ ಗುಟ್ಟಲ್ಲ. ಅಂತರಜಾಲದ ಕಟ್ಟುಪಾಡುಗಳನ್ನು ರೂಪಿಸುವ ಸಂಸ್ಥೆ ಇದಕ್ಕಾಗಿ ಮೊದಲ ನಿಯಮಾವಳಿಯನ್ನು ಪ್ರಕಟಿಸಿದ್ದು 1999ರಲ್ಲಿ. 2008ರಲ್ಲಿ ಅದು ಬೆಳೆಯಿತು, 2023ರಲ್ಲಿ ಇನ್ನಷ್ಟು ತಿದ್ದಲ್ಪಟ್ಟಿತು. ಚಿತ್ರಕ್ಕೆ ಮಾತಿನ ಹೆಸರಿರಬೇಕು, ಮೌಸು ಹಿಡಿಯಲಾರದವನು ಕೀಲಿಮಣೆಯೊಂದರಿಂದಲೇ ಎಲ್ಲೆಡೆಗೂ ಹೋಗುವಂತಿರಬೇಕು, ಅಕ್ಷರಕ್ಕೂ ಹಿನ್ನೆಲೆಗೂ ಸಾಕಷ್ಟು ಬಣ್ಣದ ಅಂತರವಿರಬೇಕು, ಹೀಗೆ. ಕೊನೆಯದನ್ನು ಓದಿದಾಗ ನನ್ನ ಸ್ವಾರ್ಥಕ್ಕೂ ಸಂತೋಷವಾಯಿತು. ಬಿಳಿಯ ಮೇಲೆ ಬೂದುಬಣ್ಣದ ಅಕ್ಷರಗಳನ್ನು ಬರೆಯುವ ಈಗಿನ ಷೋಕಿಯಿಂದ ಪೊರೆ ಬರುತ್ತಿರುವ ನನ್ನ ಕಣ್ಣು ಎಷ್ಟು ನವೆದಿದೆಯೆಂದು ಹೇಳಲಾರೆ.

ಈ ಕಷ್ಟ ಕುರುಡರದ್ದು ಮಾತ್ರವೂ ಅಲ್ಲ. ನನ್ನ ಸಹೋದ್ಯೋಗಿಗಳಾಗಿದ್ದ ಹಿರಿಯರೊಬ್ಬರಿಗೆ ಕಂಪವಾತ. ಅವರು ನಡುಗುವ ಕೈಯಿಂದ ಒಂದು ಪಟ್ಟಿಯನ್ನು ತುಂಬಿ ಮುಗಿಸುವಷ್ಟರಲ್ಲಿ ‘ನಿಮ್ಮ ಸಮಯ ಮೀರಿತು’ ಎಂದು ತಾಣ ಅವರನ್ನು ಹೊರಕ್ಕೆ ಹಾಕುತ್ತದೆ. ಕಿವಿ ಕೇಳದವರಿಗೆ ಧ್ವನಿಮುದ್ರಿತ ಉಪನ್ಯಾಸಗಳ ಭಂಡಾರ ಇದ್ದೂ ಇಲ್ಲ, ಕೆಳಗೆ ಬರೆಹ ಕೊಡದಿದ್ದರೆ. ಆದರೆ ನಾನು ಹತ್ತಿರದಿಂದ ಕಂಡದ್ದು ಒಬ್ಬನ ಕಷ್ಟವನ್ನು, ಅದನ್ನೇ ಹೇಳುತ್ತೇನೆ.

ಶಾಸನಗಳ ಸಂಶೋಧಕನಿಗೆ ಇಂಗ್ಲಿಷ್ ಲೇಖನಗಳು ಮೇಲೋಗರ. ಅನ್ನ ಇರುವುದು ಕನ್ನಡದಲ್ಲಿ. ಬಿ. ಎಲ್. ರೈಸರು 1886ರಲ್ಲಿ ಮೊದಲ ಸಂಪುಟವನ್ನು ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯಾಗಲಿ, ಕಿಟ್ಟೆಲರ 1894ರ ನಿಘಂಟಾಗಲಿ, ಹಳೆಯ ಕನ್ನಡ ಪತ್ರಿಕೆಗಳಾಗಲಿ ಇಂದು ಅಂತರಜಾಲದಲ್ಲಿ ದೊರೆಯುತ್ತವೆ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯದ ಪುಣ್ಯದಿಂದ ಉಳಿದ ಪುಸ್ತಕಗಳು ಎಷ್ಟೋ. ದೇಶದ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ದಲ್ಲಿ ಸೇರುತ್ತಿವೆ. ಅವನ್ನೆಲ್ಲ ನೋಡಿದಾಗ ಕೈಮುಗಿಯಬೇಕೆನಿಸುತ್ತದೆ. ಆದರೆ ನೋಡುವುದಕ್ಕೆ ಮಾತ್ರ! ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿದರೆ ಸಿಕ್ಕುವುದು ಪುಟದ ಛಾಯಾಚಿತ್ರ. ಮನುಷ್ಯನ ಕಣ್ಣಿಗೆ ಅದರಲ್ಲಿ ಅಕ್ಷರಗಳಿವೆ. ಓದುವ ಯಂತ್ರಕ್ಕೆ ಅದರಲ್ಲಿ ಇರುವುದು ಕಪ್ಪು ಬಿಳಿ ಚುಕ್ಕೆಗಳು. ನಾನೂರು ಪುಟದ ಗ್ರಂಥವನ್ನು ತೆರೆದು ಅವನು ಕಾದ. ಯಂತ್ರ ಒಂದೇ ಮಾತು ಹೇಳಿತು: ಖಾಲಿ.

ಚಿತ್ರದಿಂದ ಅಕ್ಷರವನ್ನು ಬಿಡಿಸುವ ತಂತ್ರಾಂಶಗಳಿವೆ. ಇಂಗ್ಲಿಷಿಗೆ ಅವು ಎಂದೋ ಪಳಗಿದುವು. ನಮ್ಮ ಅಕ್ಷರಗಳಿಗೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಥ ಮತ್ತು ಧ ಎರಡಕ್ಕೂ ಇರುವ ಭೇದ ಒಂದು ಚುಕ್ಕೆಯಷ್ಟು. ಹಳೆಯ ಮುದ್ರಣದಲ್ಲಿ ಅಚ್ಚುಮೊಳೆ ಸವೆದಿದ್ದರೆ ಕಣ್ಣಿಗೇ ತಿಳಿಯದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದು ‘ಲಿಪಿಜ್ಞಾನಿ’ ಎಂಬ ತಂತ್ರಾಂಶವನ್ನು ಕಟ್ಟಿ, ಹಳಗನ್ನಡದ ಱ, ೞ ಅಕ್ಷರಗಳನ್ನೂ ಅದಕ್ಕೆ ಕಲಿಸಿದೆ. ಅಂಥ ಕೆಲಸ ಮಾಡುವವರು ನಮ್ಮಲ್ಲಿರುವುದು ಭಾಗ್ಯವೇ ಸರಿ. ಆದರೆ ಭಂಡಾರಗಳಲ್ಲಿ ಕುಳಿತಿರುವ ಹಳೆಯ ಚಿತ್ರಪುಟಗಳನ್ನೆಲ್ಲ ಅದರಿಂದ ಹಾಯಿಸಿ, ತಪ್ಪು ತಿದ್ದಿ, ಮರಳಿ ಇಡುವವರು ಬೇಕಲ್ಲ!

ಇನ್ನೊಂದು ವಿಚಿತ್ರವನ್ನು ಹೇಳಬೇಕು. ಇದರಲ್ಲಿ ನನ್ನ ಪಾಲೂ ಇದೆ. ಹದಿನೈದು ವರ್ಷಗಳ ಹಿಂದೆ ನಾನು ಕೆರೆಗಳ ಶಾಸನಗಳನ್ನು ಕುರಿತು ಒಂದು ದೀರ್ಘ ಲೇಖನ ಬರೆದಿದ್ದೆ. ಅದು ಒಂದು ಸಂಸ್ಥೆಯ ಡಿಜಿಟಲ್ ಭಂಡಾರದಲ್ಲಿದೆ. ನನ್ನ ಬರೆಹಗಳಲ್ಲಿ ಉಳಿಯಬಹುದಾದದ್ದು ಒಂದಿದ್ದರೆ ಅದೇ ಎಂದು ನನಗೊಂದು ಗುಟ್ಟಾದ ಹೆಮ್ಮೆ. “ಅದು ಸ್ಕ್ಯಾನ್ ಅಲ್ಲ ಕಣಯ್ಯ, ಕಂಪ್ಯೂಟರಿನಲ್ಲೇ ಬೆರಳಚ್ಚು ಮಾಡಿಸಿದ್ದು. ತೆಗೆದು ನೋಡು” ಎಂದೆ. ತೆಗೆದ. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ. ಯಂತ್ರ ಬಾಯಿ ತೆರೆಯಿತು: ಇಂಗ್ಲಿಷಿನ ಬಿಡಿ ಅಕ್ಷರಗಳು, ಫ್ರೆಂಚರ ಸ್ವರಚಿಹ್ನೆಗಳು, ನಡುನಡುವೆ “ಪೌಂಡ್, ಪೌಂಡ್” ಎಂದು ಬ್ರಿಟಿಷರ ನಾಣ್ಯ! ಮನೆಯಾಕೆ ಅಡಿಗೆಮನೆಯಿಂದ ಇಣುಕಿ, “ಇದೇನು, ಭೂತ ಬಂದ ಹಾಗೆ ಬಡಬಡಿಸುತ್ತೆ?” ಎಂದಳು.

ಸಂಗತಿ ಇಷ್ಟು. ಆ ದಿನಗಳಲ್ಲಿ ನಾವೆಲ್ಲ ಬಳಸುತ್ತಿದ್ದ ಕನ್ನಡದ ಫಾಂಟುಗಳು ಒಂದು ಉಪಾಯ ಮಾಡಿದ್ದುವು. ಕಂಪ್ಯೂಟರಿಗೆ ಗೊತ್ತಿದ್ದ ಪಾಶ್ಚಾತ್ಯ ಚಿಹ್ನೆಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಂಡುಗಳ ಚಿತ್ರವನ್ನು ಕೂರಿಸಿದ್ದುವು. ‘ನುಡಿ’ಯ ಹಳೆಯ ಆವೃತ್ತಿಯಲ್ಲಿ ‘ಕನ್ನಡ’ ಎಂದು ಬರೆದರೆ ಕಂಪ್ಯೂಟರಿನ ಒಳಗೆ ಇರುವುದು ಏಳು ಪಾಶ್ಚಾತ್ಯ ಚಿಹ್ನೆಗಳು. ‘ಕ’ದ ಜಾಗದಲ್ಲಿ ಇಂಗ್ಲಿಷಿನ ಪಿ, ‘ನ’ದ ಜಾಗದಲ್ಲಿ ಪೌಂಡಿನ ಗುರುತು, ನ-ಒತ್ತಿಗೆ ಜರ್ಮನರ ಒಂದು ಅಕ್ಷರ. ಫಾಂಟೆಂಬ ವೇಷ ತೊಡಿಸಿದಾಗ ಮಾತ್ರ ಅದು ಕನ್ನಡ. ವೇಷ ಕಳಚಿದರೆ ಅದು ಯಾವ ಭಾಷೆಯೂ ಅಲ್ಲ. ಆ ಫಾಂಟುಗಳನ್ನು ಹಳಿಯುತ್ತಿಲ್ಲ. ಅವು ಇಲ್ಲದಿದ್ದರೆ ಆ ಕಾಲದಲ್ಲಿ ಕನ್ನಡ ಕಂಪ್ಯೂಟರನ್ನು ಏರುತ್ತಲೇ ಇರಲಿಲ್ಲ. ಆದರೆ ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ನಾನು ಲೇಖನ ಬೆರಳಚ್ಚು ಮಾಡಿಸಿದ ಹೊತ್ತಿಗೆ ಯೂನಿಕೋಡ್ ನಮ್ಮ ಕಂಪ್ಯೂಟರುಗಳಲ್ಲೂ ಇತ್ತು. ನಾನು ಕೇಳಲಿಲ್ಲ, ಬೆರಳಚ್ಚಿನವನು ಹೇಳಲಿಲ್ಲ. ಅಕ್ಷರ ದುಂಡಗಿದೆಯೇ ಎಂದಷ್ಟೇ ನೋಡಿ ಒಪ್ಪಿಗೆ ಕೊಟ್ಟೆ.

ಹೀಗೆ ಯಂತ್ರ ಕೈಬಿಟ್ಟ ಕಡೆಗೆಲ್ಲ ನನ್ನ ಕಣ್ಣನ್ನು ಎರವಲು ಕೊಡುವುದೆಂದು ನಿಶ್ಚಯವಾಯಿತು. ಭಾನುವಾರ ಒಂಬತ್ತಕ್ಕೆ ಬಂದು ಕುಳಿತರೆ ಊಟದ ಹೊತ್ತಿನವರೆಗೆ ನಾನು ಓದುವುದು, ಅವನು ಕೇಳುವುದು. ಕೇಳಿ ಓದುವುದು ನಮ್ಮ ನಾಡಿಗೆ ಹೊಸದಲ್ಲ. ಗಮಕಿ ಹಾಡಿದ ಕುಮಾರವ್ಯಾಸನನ್ನು ಅಕ್ಷರ ಬಾರದ ಹಳ್ಳಿಯವರು ಸಂಧಿ ಸಂಧಿಯಾಗಿ ಅರಗಿಸಿಕೊಂಡಿದ್ದರು. ಕಿವಿಯ ಓದು ಕೆಳಗಿನದೆಂದು ಹೇಳುವ ಧೈರ್ಯ ಕನ್ನಡಿಗನಿಗೆ ಇರಬಾರದು. ಮೂರು ತಿಂಗಳು ಸಂತೋಷವಾಗಿ ಸಾಗಿತು. ನನ್ನ ನಿವೃತ್ತ ಜೀವನಕ್ಕೂ ಒಂದು ಅರ್ಥ ಬಂತೆಂದು ನಾನು ಸ್ವಲ್ಪ ಬೀಗಿದೆನೆಂದೇ ಹೇಳಬೇಕು.

ಆ ತಿಂಗಳುಗಳಲ್ಲಿ ನಾನು ಓದಿದ ಶಾಸನಗಳಲ್ಲಿ ಒಂದು ಅವನಿಗೆ ಬಹಳ ಹಿಡಿಸಿತು. ಒಬ್ಬ ಗೌಡನ ಮಗಳು ಕೆರೆಗೆ ತೂಬು ಇಡಿಸಿ, ಅದರ ರಕ್ಷಣೆಗೆ ಗದ್ದೆ ಬಿಟ್ಟ ಶಾಸನ. ದಾನ ಕೊಟ್ಟವಳ ಹೆಸರು ಇದ್ದ ಭಾಗದಲ್ಲಿ ಕಲ್ಲು ಒಡೆದಿದೆ. ಆದರೆ ‘ಮಗಳ್’ ಎಂದು ನಾನು ಓದಿದೆ. ರಾಣಿಯಲ್ಲ, ದಂಡನಾಯಕನ ಹೆಂಡತಿಯಲ್ಲ, ಒಂದು ಹಳ್ಳಿಯ ಗೌಡನ ಮಗಳು! ಅವನು ಒಂದಿಡೀ ಅಧ್ಯಾಯವನ್ನು ಆಕೆಯ ಸುತ್ತ ಕಟ್ಟಿದ. ಒಂದು ವಿಚಾರಗೋಷ್ಠಿಯಲ್ಲಿ ಅದನ್ನು ಮಂಡಿಸಿದಾಗ ವಿದ್ವಾಂಸರೊಬ್ಬರು ಎದ್ದು, “ಅಲ್ಲಿ ‘ಳ್’ ಚೌಕ ಕಂಸದಲ್ಲಿದೆಯಲ್ಲ, ಗಮನಿಸಿದಿರಾ?” ಎಂದು ಸೌಮ್ಯವಾಗಿಯೇ ಕೇಳಿದರು. ಶಾಸನ ಓದುವವರಿಗೆ ಇದರ ಅರ್ಥ ಗೊತ್ತು. ಕಂಸದೊಳಗಿನ ಅಕ್ಷರ ಕಲ್ಲಿನಲ್ಲಿ ಇಲ್ಲ. ಸಂಪಾದಕ ಊಹಿಸಿ ತುಂಬಿದ್ದು. ಅದು ‘ಮಗಳ್’ ಇರಬಹುದು; ‘ಮಗಂ’ ಕೂಡ ಇರಬಹುದು.

ಪುಸ್ತಕ ತೆಗೆದು ನೋಡಿದೆ. ಕಂಸ ಅಲ್ಲಿಯೇ ಇತ್ತು. ಓದುವಾಗ ನಾನು ಅದನ್ನು ಕಂಡಿದ್ದೆ. ಕಂಡು, ಬಾಯಲ್ಲಿ ಹೇಳದೆ ಮುಂದೆ ಹೋಗಿದ್ದೆ. ಬಾಯಿ ಓದಿಗೆ ಕಂಸ, ಚುಕ್ಕೆಗಳೆಲ್ಲ ಅಡ್ಡಿ. ಕೇಳುವವನಿಗೆ ಬೇಸರವಾಗದಿರಲೆಂದು ಅಡಿಟಿಪ್ಪಣಿಗಳನ್ನೂ ಎಷ್ಟೋ ಸಲ ಬಿಟ್ಟಿದ್ದೆ. ಪಾಠ ಹೇಳಿದ ನಾಲಿಗೆ ನೋಡಿ. ಸರಾಗವಾಗಿ ಓದುವುದೇ ಒಳ್ಳೆಯ ಓದೆಂದು ಅದಕ್ಕೆ ಅಭ್ಯಾಸ. ಮುಂದಿನ ಭಾನುವಾರ ಅವನು ಬರುವನೋ ಇಲ್ಲವೋ ಎಂದುಕೊಂಡೆ. ಒಂಬತ್ತಕ್ಕೆ ಗೇಟಿನ ಚಿಲಕ ಸದ್ದಾಯಿತು. ಕ್ಷಮೆ ಕೇಳಲು ಹೊರಟವನನ್ನು ಅವನು ತಡೆದ. “ನೀವು ಓದಿದ್ದು ಸರಿಯಾಗಿಯೇ ಇತ್ತು ಮೇಷ್ಟ್ರೇ. ಆದರೆ ಓದಿದ್ದು ನೀವು. ನಾನು ಇನ್ನೂ ಓದಿಲ್ಲ” ಎಂದ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಗಮಕಿಯ ಮುಂದೆ ಕುಳಿತವನು ರಸಿಕ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಏರಿಸಬೇಕೆಂಬುದನ್ನು ಗಮಕಿಗೆ ಬಿಟ್ಟು ಸುಖವಾಗಿರಬಹುದು. ಸಂಶೋಧಕನಿಗೆ ಆ ಸುಖವಿಲ್ಲ. ಅವನು ನಡುವೆ ನಿಲ್ಲಬೇಕು, ಹಿಂದಕ್ಕೆ ಹೋಗಬೇಕು, ಟಿಪ್ಪಣಿಯ ಟಿಪ್ಪಣಿಯನ್ನು ಕೆದಕಬೇಕು, ಹತ್ತು ವ್ಯರ್ಥ ಲೇಖನಗಳನ್ನು ತಿರುವಿ ಹನ್ನೊಂದನೆಯದರಲ್ಲಿ ತಾನು ಹುಡುಕದೆ ಇದ್ದದ್ದನ್ನು ಕಾಣಬೇಕು. ಇನ್ನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ವ್ಯರ್ಥ ಲೇಖನಗಳನ್ನು ಓದಿಸಲು ಯಾರಿಗೆ ಸಂಕೋಚವಾಗುವುದಿಲ್ಲ? ಅವನು ಕೇಳುತ್ತಿದ್ದುದು ಬೇಕೇ ಬೇಕಾದದ್ದನ್ನು ಮಾತ್ರ. ಯಂತ್ರವಾದರೆ ಕಂಸವನ್ನೂ ಹೇಳು ಎಂದು ಒಮ್ಮೆ ವಿಧಿಸಿಬಿಟ್ಟರೆ ಪ್ರತಿಯೊಂದು ಕಂಸವನ್ನೂ ಹೇಳುತ್ತದೆ. ಅದಕ್ಕೆ ಕೇಳುವವನ ಮೇಲೆ ಕರುಣೆ ಇಲ್ಲ. ಆದರೆ ಯಂತ್ರದ ಕೈಗೆ ಪುಟ ಸಿಕ್ಕಬೇಕಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ನೆನಪು ಇಲ್ಲಿ ಬರುತ್ತದೆ. ಹುಟ್ಟುಕುರುಡರಾದ ಪಂಚಾಕ್ಷರ ಗವಾಯಿಗಳು ಅಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಸಂಗೀತದ ಬಾಗಿಲು ತೆರೆದರು; ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ನಡೆಸಿದರು. ಸ್ವತಃ ಗ್ರಂಥಗಳನ್ನೂ ರಚಿಸಿದರು. ಅಂಥ ಮಹನೀಯರ ಮಾತು ಬೇರೆ. ಸಾಮಾನ್ಯನಾದ ಕುರುಡ ಹುಡುಗನಿಗೆ ‘ಸಂಗೀತ ಕಲಿ’ ಎಂದು ಹೇಳುವಷ್ಟು ಸುಲಭವಾಗಿ ‘ಶಾಸನ ಓದು’ ಎಂದು ನಾವು ಯಾರೂ ಹೇಳಿದ್ದಿಲ್ಲ. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಬಂತು. ಅದರಿಂದ ಕನ್ನಡ ಪಾಠಪುಸ್ತಕಗಳು ಬೆರಳಿಗೆ ಸಿಕ್ಕಿದುವು. ಆದರೆ ಬ್ರೈಲಿನಲ್ಲಿ ಒಂದು ಪುಸ್ತಕ ಹಲವು ದಪ್ಪ ಸಂಪುಟಗಳಾಗುತ್ತದೆ. ಶಾಸನ ಸಂಪುಟಗಳನ್ನೆಲ್ಲ ಹಾಗೆ ಮಾಡಿದರೆ ಇಡಲು ಒಂದು ಛತ್ರ ಬೇಕು. ಕಂಪ್ಯೂಟರು ಬಂದಾಗ ಆ ಭಾರ ಇಳಿಯುವುದಿತ್ತು.

ಕಾನೂನಿನ ಕಡೆಯಿಂದ ನಮ್ಮ ದೇಶ ಹಿಂದೆ ಬಿದ್ದಿಲ್ಲ. 2012ರಲ್ಲಿ ಕೃತಿಸ್ವಾಮ್ಯದ ಕಾಯಿದೆಯನ್ನು ತಿದ್ದಿ, ಓದಲಾಗದವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರುವುದು ಅಪರಾಧವಲ್ಲವೆಂದು ಮಾಡಲಾಯಿತು. ಇದೇ ಉದ್ದೇಶದಿಂದ 2013ರಲ್ಲಿ ಮೊರಾಕೊದ ಮರಾಕೇಶ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ಮರುವರ್ಷ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ ತೆರೆಯಿತು. ಅದೇ ವರ್ಷ ಬಂದ ಹಕ್ಕುಗಳ ಅಧಿನಿಯಮ ಮಾಹಿತಿ ತಂತ್ರಜ್ಞಾನವೂ ಎಲ್ಲರಿಗೆ ಎಟುಕಬೇಕೆಂದು ವಿಧಿಸಿತು. ನಿಯಮಗಳು ಬರಿಯ ಸಲಹೆಯಾಗಿರಬಾರದು, ಕಡ್ಡಾಯವಾಗಿರಬೇಕೆಂದು 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರ ಏಪ್ರಿಲಿನಲ್ಲಿ, ಡಿಜಿಟಲ್ ಸೇವೆಗಳ ಪ್ರವೇಶ ಜೀವಿಸುವ ಹಕ್ಕಿನದೇ ಭಾಗವೆಂದೂ ಹೇಳಿತು. ಇವಿಷ್ಟನ್ನೂ ಶಿಷ್ಯ ನನಗೆ ಬಾಯಿಪಾಠ ಒಪ್ಪಿಸಿದ. ಕಾಯಿದೆಗಳ ಪಠ್ಯ ಮಾತ್ರ ಯಂತ್ರಕ್ಕೆ ಚೆನ್ನಾಗಿ ಓದಲು ಬರುತ್ತದಂತೆ!

ನನಗೆ ತೋರುವ ಮಟ್ಟಿಗೆ, ಬದಲಾವಣೆ ಆಗಬೇಕಾದ ಜಾಗ ನ್ಯಾಯಾಲಯಕ್ಕಿಂತ ಹೆಚ್ಚಾಗಿ ಲೈಬ್ರರಿಯ ಕೊಳ್ಳುವ ಮೇಜು. ‘ಒಂದು ರಾಷ್ಟ್ರ ಒಂದು ಚಂದಾ’ ಎಂಬ ಯೋಜನೆಯಲ್ಲಿ ಕೇಂದ್ರ ಸರ್ಕಾರ 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ತೆಗೆದಿರಿಸಿ, ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 6,300 ಸಂಸ್ಥೆಗಳಿಗೆ ಒದಗಿಸಲು ಹೊರಟಿದೆ. ಇಷ್ಟು ದೊಡ್ಡ ಗಿರಾಕಿ ಬಾಯಿಬಿಟ್ಟು ಕೇಳಿದರೆ ಯಾವ ಅಂಗಡಿಯವನು ಇಲ್ಲವೆಂದಾನು? ತಮ್ಮ ತಾಣ ಯಾವ ಯಾವ ನಿಯಮಕ್ಕೆ ಹೊಂದುತ್ತದೆಂದು ಮಾರುವವರೇ ಬರೆದುಕೊಡುವ ಪತ್ರವೊಂದುಂಟು. ಆದರೆ ಮಗಳ ರೂಪವನ್ನು ತಾಯಿಯೇ ವರ್ಣಿಸಿದಂತೆ ಅದು. ಲೈಬ್ರರಿಯವರು ಮೌಸನ್ನು ಪಕ್ಕಕ್ಕಿಟ್ಟು, ಬರಿಯ ಕೀಲಿಮಣೆಯಿಂದ ಒಂದು ಲೇಖನವನ್ನು ಹುಡುಕಿ ಇಳಿಸಿಕೊಳ್ಳಲು ಹತ್ತು ನಿಮಿಷ ಯತ್ನಿಸಿದರೆ ನಿಜ ಗೊತ್ತಾಗುತ್ತದೆ. ಒಬ್ಬ ಕುರುಡ ವಿದ್ಯಾರ್ಥಿಯನ್ನು ಕರೆದು ಸಹಿಗೆ ಮುನ್ನ ಪರೀಕ್ಷೆ ಮಾಡಿಸಿದರೆ ಇನ್ನೂ ಚೆನ್ನ. ಕನ್ನಡದ ಭಂಡಾರಗಳಿಗೆ ಪ್ರಬಂಧ ಒಪ್ಪಿಸುವವರು ಯೂನಿಕೋಡಿನ ಮೂಲಪ್ರತಿಯನ್ನೂ ಜೊತೆಗಿಡಬೇಕೆಂದು ಒಂದು ಸಾಲಿನ ನಿಯಮ ಮಾಡುವುದಕ್ಕೆ ಖರ್ಚೇನೂ ಇಲ್ಲ. ಪಿಡಿಎಫ್ ಮಾಡಿದಾಗ ಯೂನಿಕೋಡ್ ಕನ್ನಡವೂ ಒತ್ತಕ್ಷರ ಕಲಸಿಕೊಂಡು ಹಾಳಾಗುವುದುಂಟಾದ್ದರಿಂದ ಮೂಲಪ್ರತಿಯೇ ಬೇಕು.

ಗೌಡನ ಮಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಕಲ್ಲನ್ನೇ ನೋಡಬೇಕೆಂದು ಶಿಷ್ಯ ಹಟ ಹಿಡಿದ. ಹೊರಡುವ ಮುನ್ನ ನಾನು ಒಂದು ತಟ್ಟೆಯಲ್ಲಿ ಮರಳು ಹರಡಿ, ಹಳೆಯ ಕಾಲದ ಮಠದ ಅಯ್ಯನವರಂತೆ, ಆ ಶತಮಾನದ ಕನ್ನಡ ಅಕ್ಷರಗಳನ್ನು ಬರೆದು ಅವನ ಬೆರಳನ್ನು ಗೆರೆಯ ಮೇಲೆ ಓಡಿಸಿದೆ. ನಾಲ್ಕು ಸಂಜೆಗಳಲ್ಲಿ ಕಲಿತುಕೊಂಡ. ಬಸ್ಸು ಇಳಿದು ಏರಿಯ ಮೇಲೆ ಒಂದು ಮೈಲಿ ನಡೆದರೆ, ತೂಬಿನ ಪಕ್ಕದಲ್ಲಿ, ಹೊಂಗೆಯ ಮರದ ಕೆಳಗೆ ಕಲ್ಲು ನಿಂತಿತ್ತು. ಅರಿಸಿನ ಕುಂಕುಮ ಹಚ್ಚಿದ್ದರು. ದನ ಮೇಯಿಸುತ್ತಿದ್ದ ಮುದುಕನೊಬ್ಬ, “ಮುಟ್ಟಿ ಸ್ವಾಮಿ, ಏನೂ ಆಗಾಕಿಲ್ಲ” ಎಂದ. ಎಲ್ಲವನ್ನೂ ಓದಿದನೆಂದು ಹೇಳಲಾರೆ. ಸಾಲಿಗೆ ಐದಾರು ಅಕ್ಷರ ಸಿಕ್ಕಿದುವು. ಏಳನೆಯ ಸಾಲಿಗೆ ಬಂದಾಗ ಬೆರಳು ನಿಧಾನವಾಯಿತು. ಮ. ಗ. ಅಲ್ಲಿಂದ ಮುಂದೆ ಬೆರಳು ಒಮ್ಮೆಲೆ ಒಳಕ್ಕೆ ಜಾರಿತು. ಚಕ್ಕೆ ಎದ್ದುಹೋಗಿದ್ದ ಜಾಗವನ್ನು ಅವನು ಎರಡು ಮೂರು ಸಲ ಸವರಿದ. “ಇಲ್ಲಿ ಏನೂ ಇಲ್ಲ ಮೇಷ್ಟ್ರೇ” ಎಂದ. ಸೋತವನ ದನಿಯಾಗಿರಲಿಲ್ಲ ಅದು.

ಅಧ್ಯಾಯವನ್ನು ತಿದ್ದಿ ಬರೆದ. ‘ಮಗಳು ಇರಬಹುದು’ ಎಂದು ಈಗ ಅವನೂ ಕಂಸ ಹಾಕಿದ್ದಾನೆ.

ನನ್ನ ಲೇಖನದ ವಿಚಾರ ಉಳಿಯಿತು. ಭಂಡಾರದವರಿಗೆ ಪತ್ರ ಬರೆದೆ. ಒಮ್ಮೆ ಏರಿಸಿದ ಕಡತವನ್ನು ಬದಲಿಸುವ ಪದ್ಧತಿ ಇಲ್ಲವೆಂದು ವಿನಯದ ಉತ್ತರ ಬಂತು. ಹಳೆಯ ಫಾಂಟನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳೂ ಇವೆಯಂತೆ. ಆದರೆ ಬೆರಳಚ್ಚಿನವನ ಮೂಲಕಡತ ಎಲ್ಲಿಯೂ ಸಿಕ್ಕಲಿಲ್ಲ, ಪಿಡಿಎಫಿನಿಂದ ತೆಗೆದದ್ದು ಅರ್ಧ ಕಲಸಿಹೋಗಿತ್ತು. ಕೊನೆಗೆ ನಾನೇ ಎರಡು ಬೆರಳಿನಿಂದ, ಮೂರು ವಾರ ಕುಳಿತು, ನಲವತ್ತು ಪುಟವನ್ನೂ ಮತ್ತೆ ಬೆರಳಚ್ಚು ಮಾಡಿದೆ. ಶೀರ್ಷಿಕೆಗಳಿಗೆ ಗುರುತು ಹಾಕುವುದನ್ನು ಅವನೇ ಫೋನಿನಲ್ಲಿ ಹೇಳಿಕೊಟ್ಟ. ಒಂದು ಬುಧವಾರ ರಾತ್ರಿ ಅವನಿಗೆ ಕಳುಹಿಸಿ ಮಲಗಿದೆ.

ಬೆಳಗಿನ ಐದೂವರೆಗೆ ಫೋನು ಬಂತು. ಏನಾಯಿತೋ ಎಂದು ಗಾಬರಿಯಿಂದ ಎದ್ದೆ.

“ರಾತ್ರಿಯೇ ಓದಿ ಮುಗಿಸಿದೆ ಮೇಷ್ಟ್ರೇ, ಎರಡು ಸಲ. ಹದಿನೇಳನೆಯ ಟಿಪ್ಪಣಿಯಲ್ಲಿ ಶಕವರ್ಷಕ್ಕೆ ನೀವು ಕೊಟ್ಟಿರುವ ಇಸವಿ ಹೊಂದುವುದಿಲ್ಲ. ಹತ್ತು ವರ್ಷ ಹೆಚ್ಚಾಗಿದೆ.”

ದೀಪ ಹಾಕಿ, ಕನ್ನಡಕ ಹುಡುಕಿ, ಮೂಲವನ್ನು ತೆಗೆದು, ಎಪ್ಪತ್ತೆಂಟನ್ನು ಕೂಡಿ ಲೆಕ್ಕ ಮಾಡಿದೆ. ಹದಿನೈದು ವರ್ಷಗಳಿಂದ ಅದು ತಪ್ಪಾಗಿಯೇ ಇತ್ತು.